ಮೊರೀನ್ ಮನೆಯಲ್ಲಿ ಎರಡು ಪಾತ್ರೆ ಶುಂಠಿ ಪಾನಕ

ಜಾವಳಿ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಎರಡೇ ಪ್ರಶ್ನೆ ಕೇಳುತ್ತಾರೆ. ಊಟಕ್ಕೆ ಏನು ಮಾಡಿದಿರಿ, ಚಳಿ ಎಷ್ಟಿತ್ತು. ನಾನು ಐರ್ಲೆಂಡಿನಿಂದ ಬಂದು ಮೂರು ವಾರವಾಯಿತು. ಅನ್ನ ಸಾರು ಮಾಡಿದೆ, ಚಳಿ ಇತ್ತು ಎಂದು ಹೇಳಿ ಹೇಳಿ ಸಾಕಾಗಿದೆ. ಮೂರನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರ ಕಣ್ಣಿನಲ್ಲೂ ಅದೇ ಇರುತ್ತದೆ. ನಿಮ್ಮ ತಮ್ಮ ಕುಡಿಯುವುದನ್ನು ನಿಜಕ್ಕೂ ಬಿಟ್ಟಿದ್ದಾನಾ? ಅದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ಕಳೆದ ವರ್ಷ ನಿವೃತ್ತಳಾದವಳು. ತಮ್ಮ ಸುಬ್ಬು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಚಿಕ್ಕಮಗಳೂರಿನಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ. ಕುಡಿತದಿಂದ ಆ ಕೆಲಸ ಹೋಯಿತು, ಹೆಂಡತಿಯೂ ತವರಿಗೆ ಹೋದವಳು ವಾಪಸು ಬರಲಿಲ್ಲ. ಆಮೇಲೆ ನಾಲ್ಕು ವರ್ಷ ನಮ್ಮ ಮನೆಯಲ್ಲೇ ಇದ್ದ. ಸಂಜೆ ಮೂಡಿಗೆರೆ ಬಸ್ಸಿನಿಂದ ಇಳಿದು ಅವನು ಬರುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. “ಹಾ ಅನ್ನು” ಎನ್ನುತ್ತಿದ್ದೆ. ಅವನು ಬಾಯಿ ತೆರೆಯುತ್ತಿದ್ದ, ನಾನು ಮೂಸುತ್ತಿದ್ದೆ. ವಾಸನೆ ಬಂದರೆ ಊಟ ಜಗಲಿಯಲ್ಲಿ, ಬರದಿದ್ದರೆ ಒಳಗೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಇದು ತಪ್ಪಲಿಲ್ಲ.

ನನ್ನ ಮೂಗಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅಪ್ಪ ಕಳಸದ ಕಡೆಯ ಒಂದು ಸಣ್ಣ ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ದೇವರಿಗಿಟ್ಟ ಮೇಲೆ ಉಳಿದವರಿಗೆ. ಆದ್ದರಿಂದ ಅಡುಗೆ ಮಾಡುವಾಗ ನಾಲಿಗೆಗೆ ಮುಟ್ಟಿಸಿ ನೋಡುವಂತಿಲ್ಲ. ಉಪ್ಪು, ಹುಳಿ, ಬೆಲ್ಲ ಎಲ್ಲವೂ ಕುದಿಯ ಮೇಲಿನ ಆವಿಯಿಂದಲೇ ಅವರಿಗೆ ತಿಳಿಯುತ್ತಿತ್ತು. ಮೂಸುವುದೂ ತಪ್ಪೇ ಎಂದು ಶಾಸ್ತ್ರ ಬಲ್ಲ ಯಾರೋ ಆಕ್ಷೇಪ ಎತ್ತಿದಾಗ, “ತಾನಾಗಿ ಬಂದ ವಾಸನೆನ ನಾನೆಂತ ಮಾಡ್ಲಿ?” ಎಂದಿದ್ದರಂತೆ. ಆ ಮೂಗು ನನಗೆ ಬಂತು. ಮದುವೆಯಾಗಿ ಜಾವಳಿಗೆ ಬಂದು ನಲವತ್ತು ವರ್ಷವಾಗುತ್ತಾ ಬಂತು, ಇವತ್ತಿಗೂ ಬಡಿಸುವ ಮುಂಚೆ ಸಾರಿನ ಒಂದು ಹನಿಯನ್ನೂ ನಾಲಿಗೆಗೆ ಹಾಕಿಕೊಂಡವಳಲ್ಲ.

ಸುಬ್ಬು ಹೇಗೋ ಪರೀಕ್ಷೆ ಪಾಸು ಮಾಡಿಕೊಂಡು ಐದು ವರ್ಷದ ಹಿಂದೆ ಐರ್ಲೆಂಡಿನ ಒಂದು ವೃದ್ಧಾಶ್ರಮಕ್ಕೆ ನರ್ಸ್ ಆಗಿ ಹೋದ. ಅಲ್ಲಿಯೂ ಕುಡಿದ. ಕಳೆದ ವರ್ಷದ ಕೊನೆಯಲ್ಲೇ ಬಿಟ್ಟೆ ಎಂದು ಈ ಮಳೆಗಾಲದಲ್ಲಿ ಫೋನಿನಲ್ಲಿ ಹೇಳಿದ. ಹಾಗೆ ಅವನು ಹಿಂದೆಯೂ ಹೇಳಿದ್ದುಂಟು. ಈ ಸಲ ಮಾತ್ರ ಇನ್ನೊಂದು ಮಾತು ಸೇರಿಸಿದ.

“ಅಕ್ಕ, ಎಂಟು ತಿಂಗ್ಳಾಯ್ತು. ಒಂದ್ಸಲ ಬಂದು ನೋಡಿ ಹೋಗು.”

ನಮ್ಮನೆಯವರು ಕಾಫಿ ಗಿಡದ ಕಡೆಯಿಂದ ಬಂದವರು ಇದನ್ನು ಕೇಳಿ ನಕ್ಕರು. “ಅವ್ನ ಬಾಯಿ ಮೂಸಕ್ಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ತಿ? ಹೋಗು, ಆದ್ರೆ ಹಣ್ಣು ಕೊಯ್ಲಿಗೆ ಮುಂಚೆ ಬಂದ್ಬಿಡು. ಆಳುಗಳು ಬಂದ್ಮೇಲೆ ನಂಗೊಬ್ಬಂಗೆ ಆಗದಿಲ್ಲ.” ಅವರು ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ನಾನು ಐರ್ಲೆಂಡ್ ನೋಡಲು ಹೊರಟವಳಲ್ಲ.

ಡಬ್ಲಿನ್, ನಾಯಿ

ಎರಡು ವಿಮಾನ, ಇಪ್ಪತ್ತು ಗಂಟೆ. ಮೊಣಕಾಲು ಮಡಚಿ ಕೂತು ಕೂತು ಪಾದ ಎರಡೂ ಊದಿಕೊಂಡಿದ್ದವು, ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡೇ ನಡೆದೆ. ಹೊರಗೆ ಬರುವ ದಾರಿಯಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಒಂದು ಕರಿಯ ನಾಯಿ ಹಿಡಿದುಕೊಂಡು ನಿಂತಿದ್ದಳು. ಅದು ಎಲ್ಲರ ಚೀಲವನ್ನೂ ಬಿಟ್ಟು ನನ್ನ ಚೀಲದ ಮುಂದೆ ಬಂದು ಕೂತುಬಿಟ್ಟಿತು.

ಬಿಚ್ಚಿಸಿದರು. ಸೀರೆ, ಕಾಫಿಪುಡಿ, ಸಾರಿನ ಪುಡಿ, ಒಣಶುಂಠಿ, ಒಂದು ಅಚ್ಚು ಬೆಲ್ಲ. ನಾಯಿಗೆ ಯಾವುದು ಅನುಮಾನ ಹುಟ್ಟಿಸಿತೋ ಯಾರಿಗೂ ತಿಳಿಯಲಿಲ್ಲ. ಆ ಹುಡುಗಿ ಪ್ರತಿ ಪೊಟ್ಟಣಕ್ಕೂ ಕ್ಷಮೆ ಕೇಳುತ್ತಲೇ ಬಿಚ್ಚಿದಳು. ನಾಯಿ ಮಾತ್ರ ನನ್ನ ಸೆರಗು, ಕೈ, ಊದಿದ ಪಾದ ಎಲ್ಲವನ್ನೂ ಮೂಸಿತು. ಜನ ನೋಡುತ್ತಾ ಹೋದರು. ನಾನು ಏನೂ ತಪ್ಪು ಮಾಡಿರಲಿಲ್ಲ, ಆದರೂ ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ಎಲ್ಲವನ್ನೂ ವಾಪಸು ಕೊಟ್ಟರು, ಬೆಲ್ಲವನ್ನೂ. ಅದನ್ನೆಲ್ಲ ಮತ್ತೆ ಚೀಲಕ್ಕೆ ತುರುಕುವಷ್ಟು ಶಕ್ತಿ ಕೈಯಲ್ಲಿರಲಿಲ್ಲ.

ಸುಬ್ಬು ಹೊರಗೆ ಕಾಯುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು, ಮುಖ ತುಂಬಿಕೊಂಡಿತ್ತು. ಕಾಲು ಮುಟ್ಟಿ ಎದ್ದವನು ನನ್ನೆದುರು ಹಾಗೇ ನಿಂತ. ಬಾಯಿ ತೆರೆಯಬೇಕೇನೋ ಎಂದು ಕಾಯುತ್ತಿದ್ದಾನೆ ಅನ್ನಿಸಿತು. “ಹಾ ಅನ್ನು” ಎಂದು ನಾನು ಹೇಳಲಿಲ್ಲ. ಆದರೆ ಮೂಗು ತನ್ನ ಕೆಲಸ ಮಾಡಿ ಮುಗಿಸಿತ್ತು. ಸಾಬೂನು, ಉಣ್ಣೆಯ ಕೋಟು, ಪುದೀನಾದ ಮಿಠಾಯಿ. ಮಿಠಾಯಿ ಏಕೆ ತಿಂದ ಎಂದು ಬಸ್ಸಿನಲ್ಲಿ ಮೂರು ಗಂಟೆ ಅದನ್ನೇ ಯೋಚಿಸಿದೆ.

ಮೊರೀನ್ ಮನೆ

ಪಶ್ಚಿಮ ಕರಾವಳಿಯ ಒಂದು ಚಿಕ್ಕ ಊರು. ಬಸ್ಸಿನಿಂದ ಇಳಿಯುವವರೆಲ್ಲ ಚಾಲಕನಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ, ಶಾಲೆಯ ಮಕ್ಕಳೂ. ನಮ್ಮಲ್ಲಿ ಬಸ್ಸಿನ ಮೈಮೇಲೆ ಎರಡು ಸಲ ಬಡಿದು ಇಳಿಯುವುದೇ ದೊಡ್ಡ ಮಾತು. ನಾನೂ ಹೇಳಿದೆ. ಚಾಲಕ ಕೈಯೆತ್ತಿದ.

ಸುಬ್ಬು ಬಾಡಿಗೆಗಿದ್ದದ್ದು ಮೊರೀನ್ ಎಂಬವರ ಮಹಡಿಯಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಒಂದು ಕಾಲದಲ್ಲಿ ಸೈಕಲ್ ಮೇಲೆ ಅಂಚೆ ಹಂಚುತ್ತಿದ್ದರಂತೆ. ಈಗಲೂ ಮನೆಯೊಳಗೆ ಯಾರಿಗೋ ಕಾಗದ ತಲುಪಿಸುವ ಅವಸರದಲ್ಲೇ ಓಡಾಡುತ್ತಾರೆ. ಅವರ ಇಂಗ್ಲಿಷು ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವರಿಗೆ ಅಷ್ಟೇ. ದಿನಕ್ಕೆ ಎಂಟು ಸಲ ಟೀ ಮಾಡಿ, ಅದು ಚೆನ್ನಾಗಿಲ್ಲವೇನೋ ಎಂದು ಕ್ಷಮೆ ಕೇಳುತ್ತಿದ್ದರು. ಮಳೆ ಹನಿದರೆ ಅದಕ್ಕೂ ತಾವೇ ಕ್ಷಮೆ ಕೇಳುತ್ತಿದ್ದರು. ಆ ಸೋನೆಯನ್ನು ಮಳೆ ಎಂದು ಕರೆದರೆ ನಮ್ಮ ಆಗುಂಬೆಯವರು ನಗುತ್ತಾರೆ ಎಂದು ಹೇಳೋಣವೆಂದುಕೊಂಡೆ, ಅಷ್ಟು ಇಂಗ್ಲಿಷು ಕೂಡಿಸುವಷ್ಟರಲ್ಲಿ ಮಳೆ ನಿಂತಿತ್ತು.

ಸುಬ್ಬು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಿದ್ದ. ಬಂದು ಅಡುಗೆಮನೆಯಲ್ಲಿ ಕೂತು, ಆವತ್ತು ವೃದ್ಧಾಶ್ರಮದಲ್ಲಿ ಯಾವ ಅಜ್ಜ ಏನೆಂದ ಎಂದು ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಾ ಅವನ ಪಕ್ಕವೇ ಕೂರುತ್ತಿದ್ದೆ. ಅಕ್ಕರೆ ಎಂದು ಅವನು ತಿಳಿದಿದ್ದನೋ ಏನೋ. ಅವನ ಕೋಟು ಮೊಳೆಗೆ ಹಾಕುವ ನೆಪದಲ್ಲಿ ಮೂಸುತ್ತಿದ್ದೆ, ಲೋಟ ತೊಳೆಯುವ ಮುಂಚೆ ಮೂಸುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಆದರೂ ಬಿಡಲಾಗುತ್ತಿರಲಿಲ್ಲ. ಇಷ್ಟು ವರ್ಷ ಕಾವಲು ಕಾಯ್ದವಳಿಗೆ ಸುಸ್ತಾಗಿತ್ತು, ಮಲಗಿದರೆ ಏಳಬಾರದು ಅನ್ನುವಷ್ಟು ಸುಸ್ತು.

ಗಡಿಯಾರ ತಿರುಗಿಸಿದ ಭಾನುವಾರ

ಆ ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ನನಗೆ ಹೇಳುವುದನ್ನು ಇಬ್ಬರೂ ಮರೆತಿದ್ದರು. ನಾನು ನನ್ನ ಕೈಗಡಿಯಾರ ನಂಬಿ ಎದ್ದು, ಸ್ನಾನ ಮಾಡಿ, ಅವರಿಬ್ಬರೂ ಏಳುವ ತನಕ ಹಿತ್ತಿಲಲ್ಲಿ ಒಂದು ಗಂಟೆ ನಿಂತು ಕಾದೆ. ಸೂರ್ಯನಿಗೂ ಹೇಳದೆ ಸಮಯ ಬದಲಾಯಿಸುವ ಜನ! ನಮ್ಮಲ್ಲಿ ಹೀಗೆ ಮಾಡಿದರೆ ರಾಹುಕಾಲದ ಗತಿಯೇನು?

ಒದ್ದೆ ಕೂದಲಲ್ಲಿ ಆ ಗಾಳಿಗೆ ನಿಂತದ್ದರ ಫಲ ಮಾರನೆಯ ದಿನವೇ ಸಿಕ್ಕಿತು. ಜ್ವರವಿಲ್ಲ, ಕೆಮ್ಮಿಲ್ಲ, ಮೂಗು ಮಾತ್ರ ಸಂಪೂರ್ಣ ಮುಚ್ಚಿಹೋಯಿತು. ಕಾಫಿಪುಡಿಯ ಡಬ್ಬದೊಳಗೆ ಮುಖ ಇಟ್ಟರೂ ಏನೂ ಇಲ್ಲ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಮನೆಯ ದೀಪ ಯಾರೋ ಆರಿಸಿದ ಹಾಗಾಯಿತು. ಸುಬ್ಬು ಸಂಜೆ ಬಂದು ಪಕ್ಕದಲ್ಲಿ ಕೂತರೆ ಅವನು ಹೇಗೆ ಬಂದಿದ್ದಾನೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಅವನ ಕಣ್ಣು ನೋಡಿದೆ, ನಡಿಗೆ ನೋಡಿದೆ.

“ಎಂತ ಅಕ್ಕ, ಹಂಗೆ ನೋಡ್ತೀಯ?”

“ಎಂತ ಇಲ್ಲ. ನೆಗಡಿ.”

ಹಬ್ಬದ ದಿನ, ಮಧ್ಯಾಹ್ನ

ಅಕ್ಟೋಬರ್ ಕೊನೆಯ ದಿನ ಅವರ ಹ್ಯಾಲೊವೀನ್. ಬೀದಿಯ ಪ್ರತಿ ಬಾಗಿಲಲ್ಲೂ ಕೆತ್ತಿದ ಕುಂಬಳಕಾಯಿ. ನಾವು ಆಯುಧಪೂಜೆಗೆ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತೇವೆ, ಇವರು ಕುಂಬಳಕ್ಕೆ ಕಣ್ಣು ಹಲ್ಲು ಬಿಡಿಸಿ ಒಳಗೆ ದೀಪ ಇಡುತ್ತಾರೆ. ಕೆಟ್ಟದ್ದು ಹೊಸ್ತಿಲು ದಾಟದಿರಲಿ ಎನ್ನುವುದೇ ಎರಡು ಕಡೆಯ ಲೆಕ್ಕವಿರಬೇಕು. ಸತ್ತವರು ಆ ಸಂಜೆ ಮನೆಗೆ ಬರುತ್ತಾರಂತೆ. ನಮ್ಮವರು ಪಿತೃಪಕ್ಷದಲ್ಲಿ ಬರುತ್ತಾರೆ, ವಡೆ ಪಾಯಸ ಉಂಡು ಹೋಗುತ್ತಾರೆ. ಇಲ್ಲಿಯ ಪಿತೃಗಳಿಗೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ನೇತು ಹಾಕುತ್ತಾರೆ ಎಂಬುದಷ್ಟೇ ನನಗೆ ಹಿಡಿಸದ ಸಂಗತಿ. ಮೊರೀನ್ ಅವರ ಮೆಟ್ಟಿಲ ಕಂಬಿಗೆ ತಲೆಬುರುಡೆಗಳ ಮಾಲೆ, ಸ್ನಾನದ ಮನೆಯ ಬಾಗಿಲ ಹಿಡಿಗೆ ರಬ್ಬರಿನ ಕೈ. ಬೆಳಿಗ್ಗೆ ಅದನ್ನು ಹಿಡಿದೇ ನಾನು ಬಾಗಿಲು ತೆರೆದಿದ್ದೆ.

ಸಂಜೆ ಬೀದಿಯ ಏಳೆಂಟು ಜನ ಹಿರಿಯರು ಅವರ ಮನೆಗೆ ಬರುವುದು ಪ್ರತಿ ವರ್ಷದ ಪದ್ಧತಿ. ಆ ಹಬ್ಬಕ್ಕೆ ಅವರು ಒಂದು ಶುಂಠಿಯ ಪಾನೀಯ ಮಾಡುತ್ತಾರೆ. ಅಂಗಡಿಯ ಜಿಂಜರ್ ಬಿಯರ್, ಸೇಬಿನ ರಸ, ನಿಂಬೆ, ಕಿತ್ತಳೆಯ ಬಿಲ್ಲೆ, ಚಕ್ಕೆ, ಅದರ ಮೇಲೊಂದು ಸೀಸೆ ರಮ್. ಜಿಂಜರ್ ಬಿಯರ್ ಎಂದರೆ ನಮ್ಮ ಶುಂಠಿ ಸೋಡದ ಹಾಗೆ, ಹೆಸರಿನಲ್ಲಿ ಬಿಯರ್ ಇದ್ದರೂ ಅಮಲಿನದಲ್ಲ ಎಂದು ಸುಬ್ಬು ಹಿಂದಿನ ರಾತ್ರಿ ಹೇಳಿದ್ದ. ಸೀಸೆಯ ಹಿಂದಿನ ಸಣ್ಣ ಅಕ್ಷರ ಓದಿಸಿದ ಮೇಲೇ ಸುಬ್ಬುವಿನ ಮಾತನ್ನು ನಾನು ಒಪ್ಪಿದ್ದು.

“ಈ ವರ್ಷ ಎರಡು ಪಾತ್ರೆ,” ಎಂದರು ಮೊರೀನ್. ಜಾಮ್ ಮಾಡುವ ಎರಡು ದೊಡ್ಡ ಪಾತ್ರೆಗಳನ್ನು ಮೇಜಿನ ಮೇಲಿಟ್ಟರು. ಎರಡೂ ಒಂದೇ ಅಳತೆ, ಒಂದೇ ನೀಲಿ. “ಒಂದಕ್ಕೆ ಕೊನೆಯಲ್ಲಿ ನಾನು ರಮ್ ಹಾಕುತ್ತೇನೆ. ಇನ್ನೊಂದು ಸುಬ್ಬುವಿಗೆ. ಅವನದು ಚಿಕ್ಕ ಪಾತ್ರೆಯಾಗಬಾರದು ನೋಡಿ. ಎಲ್ಲರಿಗೂ ಇದ್ದಷ್ಟೇ ಅವನಿಗೂ ಇರಬೇಕು.”

ಅವನ ಊಟ ಜಗಲಿಗೆ ಹಾಕಿದವಳು ನಾನು. ಏನಾದರೂ ಮಾಡಬೇಕು ಅನ್ನಿಸಿ, ಶುಂಠಿಯ ಕೆಲಸ ನನಗೆ ಬಿಡಿ ಎಂದೆ. ನಮ್ಮ ಕಡೆ ಗದ್ದೆಗೆ ಗದ್ದೆಯೇ ಶುಂಠಿ ಹಾಕುತ್ತಾರೆ, ಶುಂಠಿ ವಿಷಯದಲ್ಲಿ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಅಂಗಡಿಯ ಶುಂಠಿ ನೀರು ಕುಡಿದ ಹಾಗೆ ಊದಿಕೊಂಡಿತ್ತು, ಖಾರವಿದ್ದಂತೆ ಕಾಣಲಿಲ್ಲ. ಅಷ್ಟನ್ನೂ ಜಜ್ಜಿ, ನಾನು ತಂದಿದ್ದ ಒಣಶುಂಠಿಯನ್ನೂ ಕುಟ್ಟಿ ಹಾಕಿ, ಬೆಲ್ಲ ಸೇರಿಸಿ ಕಷಾಯ ಕುದಿಸಿದೆ. ಆವಿಗೆ ಮುಖ ಒಡ್ಡಿದೆ. ಮೂಗಿಗೆ ಏನೂ ತಿಳಿಯಲಿಲ್ಲ. ಸಾಲದೇನೋ ಎಂದು ಇನ್ನಷ್ಟು ಒಣಶುಂಠಿ ಹಾಕಿದೆ. ಒಂದು ಚಮಚ ನಾಲಿಗೆಗೆ ಮುಟ್ಟಿಸಿದ್ದರೆ ಗೊತ್ತಾಗುತ್ತಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಕಷಾಯವನ್ನು ಅಂದಾಜಿನಲ್ಲಿ ಎರಡೂ ಪಾತ್ರೆಗೆ ಸೋಸಿ, ಸೀರೆ ಬದಲಾಯಿಸಲು ಮಹಡಿಗೆ ಹೋದೆ. ಮಂಚ ಕಂಡದ್ದೇ ಒಂದು ಗಂಟೆ ನಿದ್ದೆ ಹೋದೆ.

ಕೆಳಗಿಳಿದು ಬಂದಾಗ ಮೊರೀನ್ ಮುಂಬಾಗಿಲಲ್ಲಿ ಹಬ್ಬದ ವೇಷ ಹಾಕಿ ಬಂದ ಮಕ್ಕಳಿಗೆ ಚಾಕೊಲೇಟ್ ಹಂಚುತ್ತಿದ್ದರು. ಅಡುಗೆಮನೆಯ ಮೇಜು ನೋಡಿದೆ. ಒಂದು ಪಾತ್ರೆಯ ಹಿಡಿಗೆ ತಲೆಬುರುಡೆ ಕಟ್ಟಿತ್ತು, ಇನ್ನೊಂದರ ಹಿಡಿಗೆ ರಬ್ಬರಿನ ಜೇಡ. ಜೇಡದ ಒಂದು ಕಾಲು ಪಾನಕದೊಳಗೇ ಇಳಿದಿತ್ತು. ಮನೆ ತುಂಬ ಏನಾದರೂ ಕಟ್ಟಿಕೊಳ್ಳಲಿ, ಜನ ಕುಡಿಯುವ ಪಾತ್ರೆಗೆ ಹೆಣದ ತಲೆಯೇ? ಕೈ ತಡೆಯಲಿಲ್ಲ. ಎರಡನ್ನೂ ಬಿಚ್ಚಿ ಈರುಳ್ಳಿ ಬುಟ್ಟಿಗೆ ಹಾಕಿದೆ. ಪಾತ್ರೆಗಳ ಮೈ ಒರೆಸಿ, ಎತ್ತಿ ಕಿಟಕಿಯ ಪಕ್ಕದ ಕಟ್ಟೆಗೆ ಇಟ್ಟು, ಮೇಜು ತೊಳೆದು, ಮತ್ತೆ ತಂದಿಟ್ಟು, ಒಗೆದ ಬಟ್ಟೆ ಮುಚ್ಚಿದೆ. ಈಗ ಕಣ್ಣಿಗೆ ಹಿತವಾಯಿತು. ಕೈ ತೊಳೆದುಕೊಂಡೆ.

ಅದೇ ದಿನ, ಸಂಜೆ

ಐದೂವರೆಗೇ ಕತ್ತಲಾಗಿತ್ತು. ಸುಬ್ಬು ಬಂದ ಸದ್ದಾಯಿತು. ಮೊರೀನ್ ಬಾಗಿಲಿನಿಂದಲೇ ಕೂಗಿ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು.

“ಸುಬ್ಬು, ನಿನ್ನದು ಜೇಡದ ಪಾತ್ರೆ. ರಮ್ ಇರುವುದಕ್ಕೆ ತಲೆಬುರುಡೆ ಕಟ್ಟಿದ್ದೇನೆ.”

“ಸರಿ, ಬಟ್ಟೆ ಬದಲಾಯಿಸಿ ಬರುತ್ತೇನೆ,” ಎಂದು ಅವನು ಮೆಟ್ಟಿಲು ಹತ್ತಿದ.

ನಾನು ಮೇಜಿನ ಹತ್ತಿರ ಓಡಿದೆ. ಬಟ್ಟೆ ಸರಿಸಿದೆ. ಎರಡು ನೀಲಿ ಪಾತ್ರೆ, ಎರಡರಲ್ಲೂ ಅದೇ ಕಂದು ಪಾನಕ, ಅದೇ ಕಿತ್ತಳೆ ಬಿಲ್ಲೆ. ರಮ್ಮಿನ ಖಾಲಿ ಸೀಸೆ ಕಸದ ಬುಟ್ಟಿಯಲ್ಲಿತ್ತು, ತಳದಲ್ಲಿ ಉಳಿದ ಹನಿ ನೀರಿನ ಬಣ್ಣದ್ದು, ಬಣ್ಣ ನೋಡಿಯೂ ತಿಳಿಯುವಂತಿರಲಿಲ್ಲ. ಮಟ್ಟ ನೋಡಿದೆ, ನಾನೇ ಅಂದಾಜಿನಲ್ಲಿ ಸುರಿದದ್ದು, ಅದರಿಂದ ಏನು ತಿಳಿಯುತ್ತದೆ? ಬಗ್ಗಿ ಮೂಸಿದೆ. ಮೂಗು ಕಲ್ಲು. ಸೀನಿ, ಉಜ್ಜಿ, ಮತ್ತೆ ಮೂಸಿದೆ. ಅವನು ಬಿಟ್ಟು ಈಗ ಹನ್ನೊಂದು ತಿಂಗಳು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಒಂದು ಲೋಟದಿಂದ ಅವನಿಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಹಿಂದಿನ ಎರಡು ಸಲವೂ ಅದು ಒಂದು ಲೋಟದಿಂದಲೇ ಶುರುವಾದದ್ದು. ಅದು ನನ್ನ ಕೈಯಿಂದ ಆಗಬೇಕೇ?

ಚಮಚ ತೆಗೆದುಕೊಂಡೆ. ಅಪ್ಪನ ಮಗಳು, ಬಡಿಸುವ ಮುಂಚೆ ರುಚಿ ನೋಡದವಳು, ಮದ್ಯದ ಹನಿ ಸೋಕದವಳು. ದೇವರೇ ಎಂದು ಎಡಗಡೆಯ ಪಾತ್ರೆಯಿಂದ ಒಂದು ಚಮಚ ಎತ್ತಿ ಬಾಯಿಗೆ ಹುಯ್ದುಕೊಂಡೆ. ಗಂಟಲಿಗೆ ಬೆಂಕಿ ಬಿತ್ತು. ಇದೇ ರಮ್ ಎಂದುಕೊಂಡೆ. ಖಾತ್ರಿಗೆ ಬಲಗಡೆಯದನ್ನೂ ಹುಯ್ದುಕೊಂಡೆ. ಅದೂ ಬೆಂಕಿ. ನೀರು ಕುಡಿದು ಮತ್ತೆ ಎಡಗಡೆಯದು, ಮತ್ತೆ ಬಲಗಡೆಯದು. ನಾನು ಹಾಕಿದ್ದ ಶುಂಠಿ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಖಾರಕ್ಕೋ ಅಳುವಿಗೋ ಗೊತ್ತಿಲ್ಲ.

“ಅಕ್ಕ!” ಹಿಂದಿನಿಂದ ಸುಬ್ಬು. “ನೀನು ರುಚಿ ನೋಡ್ತಿದೀಯಾ?”

ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಅವನ ಮುಖದಲ್ಲಿ ಅಷ್ಟು ಆಶ್ಚರ್ಯ ಇರುತ್ತಿರಲಿಲ್ಲ. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ, ಎಲ್ಲವನ್ನೂ ಹೇಳಿದೆ. ತಲೆಬುರುಡೆ, ಜೇಡ, ಈರುಳ್ಳಿ ಬುಟ್ಟಿ, ನೆಗಡಿ. ಅವನು ಪಾತ್ರೆಗಳನ್ನು ನೋಡಿದ, ನನ್ನನ್ನು ನೋಡಿದ.

“ಅಷ್ಟೇನಾ? ಸರಿ, ನಾನು ಹೇಳ್ತೀನಿ ಯಾವ್ದು ಅಂತ. ಮೂಗು ಸಾಕು, ಕುಡೀಬೇಕಂತಿಲ್ಲ.”

“ಬೇಡ!” ಅವನ ತೋಳು ಹಿಡಿದುಕೊಂಡೆ. “ಹತ್ರ ಹೋಗ್ಬೇಡ ನೀನು. ಮೊರೀನನ್ನ ಕರೀತೀನಿ. ಅವ್ರು ಕುಡಿದು ನೋಡ್ಲಿ.”

ಅವನು ತೋಳು ಬಿಡಿಸಿಕೊಳ್ಳಲಿಲ್ಲ.

“ಕರಿ ಬೇಕಾರೆ,” ಎಂದ. “ಆದ್ರೆ ನಾನು ಹೇಳಿದ್ದನ್ನ ಇನ್ನೊಬ್ರು ಬಂದು ಹೌದು ಅನ್ನೋ ತನಕ ನೀನು ನಂಬಲ್ಲ ಅಂತಾಯ್ತು.”

ಹಜಾರದಲ್ಲಿ ಮೊರೀನ್ ನಗುವುದು ಕೇಳುತ್ತಿತ್ತು. ಹತ್ತು ಹೆಜ್ಜೆ. ಒಂದು ಕೂಗು ಸಾಕಿತ್ತು.

ಅವನು ನನ್ನ ಮುಖದ ಹತ್ತಿರ ಬಂದ. “ಎರಡರಲ್ಲೂ ಎಷ್ಟು ಚಮಚ ಕುಡ್ದೆ?”

“ಎರಡೆರಡು. ಮೂರೋ ಏನೋ.”

“ಹಾ ಅನ್ನು.”

ನಾನು ಬಾಯಿ ತೆರೆದೆ. ಅರವತ್ತೊಂದು ವರ್ಷದ ಹೆಂಗಸು, ಹೊಸ ಸೀರೆ ಉಟ್ಟುಕೊಂಡು, ಅಪರಾಧಿಯ ಹಾಗೆ ಬಾಯಿ ತೆರೆದು ನಿಂತೆ. ಅವನು ಬಗ್ಗಿ ಮೂಸಿದ. ಡಬ್ಲಿನ್ನಿನ ಆ ನಾಯಿ ನೆನಪಾಯಿತು. ಕಿವಿ ಮತ್ತೆ ಅದೇ ರೀತಿ ಬಿಸಿಯಾಯಿತು.

“ರಮ್,” ಎಂದ. “ಇವತ್ತು ಊಟ ಜಗಲೀಲಿ ನಿಂಗೆ.”

ಇಬ್ಬರಿಗೂ ನಗು ಬಂತು. ನಾನು ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತೆ. ನಗು ನಿಂತ ಮೇಲೆ ಅವನು ಮೇಜಿಗೆ ಒರಗಿ ನಿಂತು ನಿಧಾನವಾಗಿ ಹೇಳಿದ.

“ಕುಡೀದೆ ಬಂದ ದಿನಾನೂ ನೀನು ನನ್ನ ಹಿಂಗೇ ನಿಲ್ಲಿಸ್ತಿದ್ದೆ ಅಕ್ಕ. ನಾನು ಬಸ್ಸಲ್ಲಿ ಕೂತು ಲೆಕ್ಕ ಹಾಕ್ತಿದ್ದೆ, ಇವತ್ತಿಗೆ ಆರು ದಿನ ಆಯ್ತು, ಇವತ್ತಿಗೆ ಒಂಬತ್ತು ದಿನ ಅಂತ. ಎಷ್ಟು ದಿನ ಆಯ್ತು ಅಂತ ಇವತ್ತಾದ್ರೂ ಕೇಳ್ತಾಳೇನೋ ಅನ್ಕೊಂಡು ಬರ್ತಿದ್ದೆ. ಒಂದಿನಾನೂ ಬಾಯಿಬಿಟ್ಟು ಕೇಳ್ಲಿಲ್ಲ ನೀನು.”

“ಕೇಳಿದ್ರೆ ನೀನು ಸುಳ್ಳು ಹೇಳ್ತಿದ್ದೆ.”

“ಹೌದು,” ಎಂದ. “ಹೇಳ್ತಿದ್ದೆ.”

ಆಮೇಲೆ ಅವನು ಪಾತ್ರೆಗಳ ಕಡೆ ತಿರುಗಿದ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಮೊಳ ದೂರದಿಂದಲೇ ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಉಸಿರೆಳೆದ. ಒಂದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತ ಹಾಗೆ ನನಗೆ ಕಂಡಿತು. ಕಂಡಿತೋ ಇಲ್ಲವೋ ಹೇಳಲಾರೆ. ಈರುಳ್ಳಿ ಬುಟ್ಟಿಯಿಂದ ತಲೆಬುರುಡೆ ತೆಗೆದು ಬಲಗಡೆಯ ಪಾತ್ರೆಗೆ ಕಟ್ಟಿದ, ಜೇಡವನ್ನು ತೊಳೆದು ಎಡಗಡೆಯದಕ್ಕೆ. ಲೋಟ ತೆಗೆದುಕೊಂಡು ಎಡಗಡೆಯ ಪಾತ್ರೆಯಿಂದ ತುಂಬಿದ.

“ಇದು ನಂದು.”

ಅವನು ಲೋಟ ಎತ್ತುವುದಕ್ಕೆ ಮುಂಚೆ ನನ್ನ ಕಡೆ ನೋಡಿದ. ಕಾಯುತ್ತಿದ್ದ. ನನ್ನ ಹತ್ತಿರ ಮೂಗಿರಲಿಲ್ಲ, ನಾಲಿಗೆ ಸುಟ್ಟುಹೋಗಿತ್ತು. ಅವನ ಮಾತು ಬಿಟ್ಟರೆ ನನಗೆ ಬೇರೆ ಆಧಾರವೇ ಇರಲಿಲ್ಲ. ಮೊರೀನ್ ಹೆಸರು ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಹೆದರಿಕೆಯಾಗಿತ್ತು. ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

“ಸರಿ,” ಎಂದೆ. “ಕುಡಿ.”

ಕುಡಿದ. ಮರುಕ್ಷಣ ಕೆಮ್ಮಿ, ಮೇಜು ಹಿಡಿದುಕೊಂಡು, “ಎಂತ ಶುಂಠಿ ಹಾಕಿದೀಯ ಮಾರಾಯ್ತಿ! ಕೊಲ್ಬೇಕಂತಿದ್ಯಾ?” ಎಂದ.

ಆ ಸಂಜೆ ಬಂದ ಎಂಟು ಜನವೂ ಹಾಗೇ ಕೆಮ್ಮಿದರು. ಮಾಟಗಾತಿಯ ಟೋಪಿ ಹಾಕಿಕೊಂಡ ನಿವೃತ್ತ ಮೇಷ್ಟ್ರೊಬ್ಬರು ಕಣ್ಣೊರೆಸಿಕೊಳ್ಳುತ್ತಾ, ಸತ್ತವರು ಎದ್ದು ಬರಲು ಇಷ್ಟು ಸಾಕು ಎಂದರು. ಆದರೂ ಎರಡು ಪಾತ್ರೆಯೂ ತಳ ಕಂಡವು. ಯಾವ ಪಾತ್ರೆಯಲ್ಲಿ ಏನಿತ್ತು ಎಂದು ಮೊರೀನ್ ಅವರನ್ನು ಕೇಳುವುದು ಸುಲಭವಿತ್ತು. ಅವರು ನನ್ನ ಪಕ್ಕದಲ್ಲೇ ಕೂತಿದ್ದರು, ಕೈಯಲ್ಲಿ ಲೋಟವಿತ್ತು. ನಾನು ಕೇಳಲಿಲ್ಲ.

ಬಸ್ ನಿಲ್ದಾಣ

ನಾಲ್ಕು ದಿನ ಬಿಟ್ಟು ಹೊರಟೆ. ಮನೆಯಿಂದ ಫೋನು ಬಂದಿತ್ತು, ಗಿಡದಲ್ಲಿ ಹಣ್ಣು ಕೆಂಪಾಗಿದೆ, ಆಳುಗಳು ಸೋಮವಾರದಿಂದ ಬರುತ್ತಾರೆ ಎಂದು. ಮೊರೀನ್ ನನ್ನನ್ನು ತಬ್ಬಿಕೊಂಡು, ಹವೆ ಚೆನ್ನಾಗಿರಲಿಲ್ಲ ಎಂದು ಕೊನೆಯ ಸಲ ಕ್ಷಮೆ ಕೇಳಿದರು. ಉಳಿದಿದ್ದ ಒಣಶುಂಠಿಯನ್ನು ಅವರಿಗೆ ಕೊಟ್ಟು, ಒಂದು ಚಿಟಿಕೆ ಮಾತ್ರ ಎಂದು ಬೆರಳಲ್ಲಿ ತೋರಿಸಿದೆ.

ಆ ವಾರ ಸುಬ್ಬುವಿಗೆ ರಾತ್ರಿ ಪಾಳಿ, ಮುಗಿಸಿ ನೇರ ನಿಲ್ದಾಣಕ್ಕೇ ಬಂದಿದ್ದ. ನಾನು ಚೀಲ ಹಿಡಿದುಕೊಂಡು ಅಲ್ಲಿಗೆ ನಡೆಯುತ್ತಿದ್ದಾಗ ಮೂಗಿನೊಳಗೆ ಏನೋ ಸಡಿಲಾದ ಹಾಗಾಯಿತು. ಒದ್ದೆ ಹುಲ್ಲು, ಸಮುದ್ರದ ಉಪ್ಪು, ಯಾರದೋ ಮನೆಯ ಸುಟ್ಟ ಬ್ರೆಡ್ಡು. ಎಲ್ಲವೂ ಒಟ್ಟಿಗೆ ವಾಪಸು ಬಂದವು. ಬಸ್ಸು ಬಂತು. ಅವನು ಚೀಲ ಒಳಗಿಟ್ಟು, ಕಾಲು ಮುಟ್ಟಿ, ಎದ್ದು ನನ್ನೆದುರು ನಿಂತ. ಏನೋ ಹೇಳಲು ಬಾಯಿ ತೆರೆದು ಹತ್ತಿರ ಬಗ್ಗಿದ.

ನಾನು ಉಸಿರು ಬಿಗಿಹಿಡಿದೆ.

“ಎಷ್ಟಾಯ್ತೋ ಇವತ್ತಿಗೆ?” ಎಂದು ಕೇಳಿದೆ.

ಅವನು ದಿನದ ಲೆಕ್ಕ ಹೇಳಿದ. ಸರಿ ಎಂದು ತಲೆಯಾಡಿಸಿ ಬಸ್ಸು ಹತ್ತಿದೆ. ಬಾಗಿಲು ಮುಚ್ಚಿದ ಮೇಲೇ ಉಸಿರು ಬಿಟ್ಟೆ.